ಹಡಗು ಇಳಿದ ಮೇಲೆ ರೈಲು: ಚಿವಿತಾವೆಕ್ಕಿಯಾದಿಂದ ಜ್ಯೂರಿಕ್‌ವರೆಗೆ

ಶುಕ್ರವಾರ, ಸಮುದ್ರದ ಮೇಲೆ

ನಮ್ಮ ಹಡಗು ಮೆಸ್ಸೀನಾ ಜಲಸಂಧಿಯೊಳಗೆ ಬಂದಾಗ ಸಂಜೆ ನಾಲ್ಕರ ಹೊತ್ತು. ಎಡಕ್ಕೆ ಸಿಸಿಲಿ, ಬಲಕ್ಕೆ ಇಟಲಿಯ ತುದಿ. ಅತಿ ಕಿರಿದಾದ ಕಡೆ ಅಗಲ ಮೂರು ಕಿಲೋಮೀಟರ್ ಚಿಲ್ಲರೆ, ಅಷ್ಟೇ. ನಡುವೆ ಸೇತುವೆ ಇಲ್ಲ. ಆದರೂ ರೋಮ್‌ನಿಂದ ಸಿಸಿಲಿಗೆ ರೈಲು ಹೋಗುತ್ತದೆ. ಹೇಗೆ ಅಂದರೆ, ವಿಲ್ಲಾ ಸಾನ್ ಜೊವಾನ್ನಿಯಲ್ಲಿ ಬೋಗಿಗಳನ್ನು ಬಿಡಿಸಿ, ಹಳಿ ಹಾಕಿರುವ ದೊಡ್ಡ ದೋಣಿಯ ಹೊಟ್ಟೆಯೊಳಗೆ ತಳ್ಳುತ್ತಾರೆ. ಆಚೆ ದಡದಲ್ಲಿ ಹೊರಗೆಳೆದು ಮತ್ತೆ ಜೋಡಿಸುತ್ತಾರೆ. ಪ್ರಯಾಣಿಕರು ಬೇಕಿದ್ದರೆ ಬೋಗಿಯಲ್ಲೇ ಕೂತಿರಬಹುದು.

ಅಂಥ ಒಂದು ದೋಣಿ ನಮ್ಮೆದುರು ಅಡ್ಡ ಹಾಯಿತು. ನಮ್ಮ ಯಜಮಾನ್ರು ಡೆಕ್ ಕಂಬಿಗೆ ಆತುಕೊಂಡು, "ಅಮ್ಮಾ, ಅದರೊಳಗೆ ರೈಲಿರುತ್ತೆ" ಅಂದರು. ಅತ್ತೆ ನಂಬಲಿಲ್ಲ. "ಸುಮ್ನೆ ಏನೇನೋ ಹೇಳ್ಬೇಡ ಕಣೋ" ಅಂದು ಕಾಫಿ ಕುಡಿಯಲು ಹೋದರು.

ರೋಮ್ ಹತ್ತಿರದ ಚಿವಿತಾವೆಕ್ಕಿಯಾ ಬಂದರಿನಿಂದ ಹೊರಟು ಗ್ರೀಸ್ ದ್ವೀಪಗಳು, ಟರ್ಕಿಯ ಕುಶಾದಸಿ ನೋಡಿಕೊಂಡು ಮತ್ತೆ ಅಲ್ಲಿಗೇ ಬರುವ ಹಡಗು ಅದು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಿಗೆ ಷೆಂಗೆನ್ ಅನ್ನುತ್ತಾರೆ, ಟರ್ಕಿ ಅದರೊಳಗಿಲ್ಲ. ಹಾಗಾಗಿ ಒಮ್ಮೆ ಮಾತ್ರ ಒಳಗೆ ಬಿಡುವ ವೀಸಾ ಸಾಲದು, ಹಲವು ಬಾರಿ ಹೋಗಿಬರುವ ವೀಸಾ ಬೇಕು. ಹಡಗಿನ ಟಿಕೆಟ್ ಕೊಳ್ಳುವವರು ಇದನ್ನು ಮೊದಲು ನೋಡಿಕೊಳ್ಳಬೇಕು. ನಮ್ಮ ರಾತ್ರಿಗಳು ಇಟಲಿಯಲ್ಲೇ ಜಾಸ್ತಿ ಇದ್ದವು, ಅದಕ್ಕೆ ಅರ್ಜಿಯನ್ನೂ ಇಟಲಿಗೇ ಹಾಕಿದ್ದು. ಊರಿಗೆ ವಾಪಸ್ ವಿಮಾನ ಮಾತ್ರ ಜ್ಯೂರಿಕ್‌ನಿಂದ. ನಡುವಿನದ್ದೆಲ್ಲ ರೈಲು.

ಹಡಗಿನಲ್ಲಿ ನಮ್ಮ ಬಗ್ಗೆ ಎಲ್ಲವನ್ನೂ ಬೇರೆಯವರೇ ಯೋಚಿಸುತ್ತಾರೆ. ಊಟ, ಊರು, ಹೊರಡುವ ಹೊತ್ತು, ಎಲ್ಲ. ಇಳಿದ ಮರುಕ್ಷಣ ಒಬ್ಬರೂ ಇರುವುದಿಲ್ಲ. ಹಾಗಾಗಿ ಕೊನೆಯ ಸಂಜೆ ಊಟದ ಮೇಜಿನ ಮೇಲೆ ಇವರ ನೋಟ್‌ಬುಕ್ ಬಿಚ್ಚಿಕೊಂಡಿತು. ಎಲ್ಲ ರೈಲನ್ನೂ ಈಗಲೇ ಬುಕ್ ಮಾಡಿ ಮುಗಿಸೋಣ ಅನ್ನುವುದು ಇವರ ವಾದ. ಬೇಕಾದ್ದನ್ನು ಮಾತ್ರ ಕಟ್ಟೋಣ, ಉಳಿದದ್ದು ಸಡಿಲ ಇರಲಿ ಅನ್ನುವುದು ನನ್ನದು. ಊರಲ್ಲೇ ಈ ಜಗಳ ಅರ್ಧ ಮುಗಿದಿತ್ತು. ಹಲವು ದೇಶಗಳ ರೈಲಿಗೆ ಒಂದೇ ಟಿಕೆಟ್ ಆಗುವ ಯುರೇಲ್ ಪಾಸ್ ಬೇಡ ಅಂತ ತೀರ್ಮಾನಿಸಿದ್ದೆವು. ಇಟಲಿಯ ವೇಗದ ರೈಲುಗಳಲ್ಲಿ ಪಾಸ್ ಇದ್ದವರೂ ಸೀಟಿಗೆ ಬೇರೆ ದುಡ್ಡು ಕೊಡಬೇಕು. ಅರವತ್ತು ದಾಟಿದವರಿಗೆ ಶೇಕಡಾ 10 ಕಡಿಮೆ, ನಿಜ. ಆದರೆ ನಮ್ಮ ದಾರಿಯಲ್ಲಿ ಉದ್ದದ ಪ್ರಯಾಣಗಳೇ ಕಡಿಮೆ. ಲೆಕ್ಕ ಹಾಕಿದರೆ ಬಿಡಿ ಟಿಕೆಟ್ಟೇ ಅಗ್ಗ. ದಿನಕ್ಕೊಂದು ದೇಶ ಅಂತ ಓಡುವವರಿಗೆ ಪಾಸ್ ಸರಿ ಇರಬಹುದು.

ಕತ್ತಲಾಗುವ ಹೊತ್ತಿಗೆ ಸ್ಟ್ರಾಂಬೋಲಿ ಜ್ವಾಲಾಮುಖಿ ಕಂಡಿತು. ತುದಿಯಲ್ಲಿ ಆಗಾಗ ಕೆಂಪು ಚಿಮ್ಮಿ ಆರುತ್ತಿತ್ತು. ರಾತ್ರಿ ಮಲಗುವ ಮೊದಲು ಸೂಟ್‌ಕೇಸ್‌ಗಳಿಗೆ ಬಣ್ಣದ ಚೀಟಿ ಕಟ್ಟಿ ಕ್ಯಾಬಿನ್ ಬಾಗಿಲ ಹೊರಗಿಡಬೇಕು. ಬೆಳಿಗ್ಗೆಗೆ ಬೇಕಾದ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲಿರಬೇಕು. ಅತ್ತೆ ಚಟ್ನಿಪುಡಿ ಡಬ್ಬಿಯನ್ನೂ ಕೈಚೀಲಕ್ಕೇ ಹಾಕಿಕೊಂಡರು.

ಶನಿವಾರ, ಚಿವಿತಾವೆಕ್ಕಿಯಾ

ಬಂದರಿನಿಂದ ರೋಮ್ ಸುಮಾರು 70 ಕಿಲೋಮೀಟರ್. ಹಡಗಿನವರ ಬಸ್ಸಿದೆ, ತಲೆಗಿಷ್ಟು ಅಂತ. ಟ್ಯಾಕ್ಸಿ ಇದೆ, ನೂರು ಯೂರೋ ಮೀರುತ್ತದೆ. ರೈಲಿಗೆ ತಲೆಗೆ ಐದು ಯೂರೋ ಆಸುಪಾಸು. ಬಂದರಿನೊಳಗಿನ ಬಸ್ಸು ಬಿಟ್ಟಿ. ಅದು ಲಾರ್ಗೊ ದೆಲ್ಲಾ ಪಾಚೆ ಅನ್ನುವ ಕಡೆ ಬಿಡುತ್ತದೆ. ಅಲ್ಲಿಂದ ಸ್ಟೇಷನ್ನಿಗೆ ಊರ ಬಸ್ಸಿದೆ. ಲಗೇಜ್ ಇಲ್ಲದವರು ನಡೆದೇ ಹೋಗುತ್ತಾರೆ. ನಮ್ಮ ಜೊತೆ ಅತ್ತೆಯ ಮಂಡಿ ಇತ್ತು, ಬಸ್ಸೇ ಹತ್ತಿದೆವು.

ಇವತ್ತಿಗೆ ಯಾವ ರೈಲೂ ಬುಕ್ ಆಗಿರಲಿಲ್ಲ. ಇದೊಂದು ವಿಷಯದಲ್ಲಿ ನಾನು ಹಟ ಹಿಡಿದಿದ್ದೆ. ಹಡಗು ಆರಕ್ಕೇ ದಡ ಮುಟ್ಟಿದರೂ ನಮ್ಮ ಬಣ್ಣದ ಚೀಟಿಯವರನ್ನು ಇಳಿಸುವ ಸರದಿ ಯಾವಾಗ ಅಂತ ಹೇಳಲಾಗದು. ಹತ್ತು ಗಂಟೆಗೆ ರೋಮ್‌ನಿಂದ ಫ್ಲಾರೆನ್ಸ್‌ಗೆ ಅಗ್ಗದ ಟಿಕೆಟ್ ಕಟ್ಟಿಸಿ, ರೈಲು ತಪ್ಪಿದರೆ ಆ ದುಡ್ಡು ಹೋದ ಹಾಗೇ. ಅಗ್ಗದ ದರದ್ದನ್ನು ಬದಲಾಯಿಸಲು ಬಿಡುವುದಿಲ್ಲ. ಬದಲಾಯಿಸಲು ಬಿಡುವ ಪೂರ್ತಿ ದರದ ಟಿಕೆಟ್ ಜಾಸ್ತಿ ದುಬಾರಿ. ಆದರೆ ಪ್ರಾದೇಶಿಕ ರೈಲುಗಳ ಕಥೆಯೇ ಬೇರೆ. ಅವುಗಳ ದರ ಇವತ್ತು ಕೊಂಡರೂ ಅಷ್ಟೇ, ತಿಂಗಳ ಮುಂಚೆ ಕೊಂಡರೂ ಅಷ್ಟೇ. ಮುಂಚೆ ಕೊಂಡು ಏನು ಲಾಭ, ಅಲ್ವಾ?

ಸ್ಟೇಷನ್ನಿನ ಯಂತ್ರದಲ್ಲಿ ಟಿಕೆಟ್ ತೆಗೆದೆವು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರಂ ಹತ್ತಿರದ ಪುಟ್ಟ ಡಬ್ಬಿಯೊಳಗೆ ತೂರಿಸಿ ಮುದ್ರೆ ಹಾಕಿಸಬೇಕು. ಎಡಕ್ಕೆ ಒತ್ತಿ ಹಿಡಿದರೆ ಕಟಕಟ ಅಂತ ತಾರೀಖು, ಗಂಟೆ ಅಚ್ಚಾಗುತ್ತದೆ. ಮುದ್ರೆ ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಆ್ಯಪ್‌ನಲ್ಲಿ ಕೊಂಡವರು ಫೋನಿನಲ್ಲೇ ಚೆಕ್-ಇನ್ ಮಾಡಬೇಕು. ಅಮೆರಿಕದ ಒಂದು ಜೋಡಿ ಡಬ್ಬಿ ಮುಂದೆ ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡುತ್ತಿತ್ತು. ಅತ್ತೆ ತಮ್ಮ ಟಿಕೆಟ್ ತೋರಿಸಿ, ಹೀಗೆ ಅಂತ ಕೈಸನ್ನೆಯಲ್ಲೇ ಪಾಠ ಮಾಡಿದರು.

ಬಲಗಡೆ ಕಿಟಕಿ ಹಿಡಿದರೆ ಸಾಂತಾ ಮರಿನೆಲ್ಲಾ ಕಡೆ ಸಮುದ್ರ ಕಾಣುತ್ತದೆ. ರೋಮ್ ಒಳಗೆ ಈ ರೈಲು ಸಾನ್ ಪಿಯೆತ್ರೊದಲ್ಲಿ ನಿಲ್ಲುತ್ತದೆ, ಅಲ್ಲಿಂದ ವ್ಯಾಟಿಕನ್ ಹತ್ತಿರ. ಒಂದೇ ದಿನಕ್ಕೆ ಬರುವವರು ಅಲ್ಲೇ ಇಳಿಯುತ್ತಾರೆ. ನಾವು ಕೊನೆಯ ನಿಲ್ದಾಣ ಟರ್ಮಿನಿವರೆಗೂ ಹೋದೆವು. ಟರ್ಮಿನಿಯಲ್ಲಿ ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಈ ರೈಲು ಬಂದು ನಿಲ್ಲುವುದು 25ರ ಮೇಲಿನ ನಂಬರಿನ ಪ್ಲಾಟ್‌ಫಾರಂಗಳಲ್ಲಿ. ಅವು ಮುಖ್ಯ ಹಾಲ್‌ನಿಂದ ಬಲು ದೂರ. ಸೂಟ್‌ಕೇಸ್ ಎಳೆದುಕೊಂಡು, ನಡುವೆ ಅತ್ತೆಯನ್ನು ಕೂರಿಸಿ ಎಬ್ಬಿಸಿ ಮುಖ್ಯ ಹಾಲ್ ಸೇರಲು ಕಾಲು ಗಂಟೆ ಹಿಡಿಯಿತು. ಇನ್ನೊಂದು ರೈಲು ಹಿಡಿಯಲು ಹತ್ತು ನಿಮಿಷ ಸಾಕು ಅಂತ ಆ್ಯಪ್ ಹೇಳಿದರೆ ನಂಬಬೇಡಿ.

ಸ್ಟೇಷನ್ ಪಕ್ಕದಲ್ಲೇ ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಕೋಟೆಗೋಡೆಯ ತುಂಡು ನಿಂತಿದೆ. ದಪ್ಪ ದಪ್ಪ ಕಲ್ಲು. ಅದರ ಬುಡದಲ್ಲಿ ಜನ ಸಿಗರೇಟು ಸೇದುತ್ತಾ ಬಸ್ಸಿಗೆ ಕಾಯುತ್ತಾರೆ.

ಭಾನುವಾರ, ರೋಮ್

ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಬಿಟ್ಟು. ನಮಗೆ ಅದರ ಚಿಂತೆ ಇರಲಿಲ್ಲ. ಕೊಲೋಸಿಯಂ ಹೊರಗಿನಿಂದ ನೋಡಿದೆವು, ಟ್ರೆವಿ ಕಾರಂಜಿ ಮುಂದೆ ತಳ್ಳಿಸಿಕೊಂಡೆವು. ರಸ್ತೆ ರಸ್ತೆಗೂ ಕಬ್ಬಿಣದ ನಲ್ಲಿ ಇದೆ, ಹಗಲು ರಾತ್ರಿ ತಣ್ಣನೆ ನೀರು ಸುರಿಯುತ್ತಿರುತ್ತದೆ. ನಲ್ಲಿಯ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. "ಇಷ್ಟು ನೀರು ಸುಮ್ನೆ ಹರಿಯುತ್ತಲ್ಲೋ" ಅಂತ ಅತ್ತೆಗೆ ಸಂಕಟ.

ರಾತ್ರಿ ಇವರು ರೈಲು ಮುಷ್ಕರದ ಪಟ್ಟಿ ನೋಡಿದರು. ಇಟಲಿಯಲ್ಲಿ ಮುಷ್ಕರ ಹೇಳದೆ ಬರುವುದಿಲ್ಲ. ಸಾರಿಗೆ ಸಚಿವಾಲಯವೇ ಮುಂಚೆ ದಿನಾಂಕ ಪ್ರಕಟಿಸುತ್ತದೆ. ಮುಷ್ಕರದ ದಿನವೂ ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ರೈಲುಗಳನ್ನು ಓಡಿಸುತ್ತಾರೆ. ನಮ್ಮ ವಾರ ಖಾಲಿ ಇತ್ತು.

ಸೋಮವಾರ, ಫ್ಲಾರೆನ್ಸ್

ರೋಮ್‌ನಿಂದ ಫ್ಲಾರೆನ್ಸ್‌ಗೆ ಒಂದೂವರೆ ಗಂಟೆ. ಯುರೋಪಿನ ಮೊದಲ ವೇಗದ ಹಳಿ ಇದೇ ದಾರಿಯದ್ದು. ಮೊದಲ ಭಾಗ ತೆರೆದದ್ದು 1977ರಲ್ಲಿ, ಪೂರ್ತಿ ಮುಗಿದದ್ದು 1992ರಲ್ಲಿ. ಈಗ ಈ ಹಳಿಯ ಮೇಲೆ ಸರ್ಕಾರಿ ಫ್ರೆಚ್ಚಾರೊಸ್ಸಾ ಇದೆ, 2012ರಿಂದ ಖಾಸಗಿ ಇತಾಲೊ ಕೂಡ ಓಡುತ್ತಿದೆ. ಎರಡಕ್ಕೂ ಪೈಪೋಟಿ. ಹಾಗಾಗಿ ಎರಡರ ದರವನ್ನೂ ನೋಡಿಯೇ ಕೊಳ್ಳಬೇಕು, ಒಂದೇ ಹೊತ್ತಿನ ರೈಲಿಗೆ ಎಷ್ಟೋ ವ್ಯತ್ಯಾಸ ಇರುತ್ತದೆ. ದಿನ ಹತ್ತಿರ ಬಂದಷ್ಟೂ ದರ ಏರುತ್ತದೆ. ಹಾಗಾಗಿ ಇದನ್ನು ಊರಲ್ಲೇ ಕಟ್ಟಿದ್ದೆವು. ಇಲ್ಲಿ ಇವರ ವಾದ ಗೆದ್ದಿತ್ತು, ಒಪ್ಪುತ್ತೇನೆ.

ಯಾವ ಪ್ಲಾಟ್‌ಫಾರಂ ಅನ್ನುವುದು ಹೊರಡುವ ಸ್ವಲ್ಪ ಮುಂಚೆ ಮಾತ್ರ ಬೋರ್ಡಿನಲ್ಲಿ ಬರುತ್ತದೆ. ಅಲ್ಲಿವರೆಗೂ ಎಲ್ಲರೂ ಕತ್ತೆತ್ತಿ ನಿಂತಿರುತ್ತಾರೆ. ನಂಬರ್ ಬಂದ ತಕ್ಷಣ ಓಟ. ನಮ್ಮ ಮೆಜೆಸ್ಟಿಕ್‌ನಲ್ಲಿ ಬಸ್ಸು ಬಂದಾಗ ಆಗುವ ಹಾಗೇ, ಆದರೆ ಇಲ್ಲಿ ಎಲ್ಲರಿಗೂ ಸೀಟು ಗೊತ್ತಾಗಿರುತ್ತದೆ, ಆದರೂ ಓಡುತ್ತಾರೆ. ಅವಸರ ಲಗೇಜ್ ಜಾಗಕ್ಕೆ. ಬೋಗಿಯ ಕೊನೆಯಲ್ಲಿರುವ ಗೂಡುಗಳು ಬೇಗ ತುಂಬುತ್ತವೆ. ಆಮೇಲೆ ಬಂದವರು ದೊಡ್ಡ ಪೆಟ್ಟಿಗೆಯನ್ನು ತಲೆಮೇಲಿನ ಅಟ್ಟಕ್ಕೆ ಎತ್ತಬೇಕು.

ಸೋಮವಾರ ಫ್ಲಾರೆನ್ಸ್‌ನಲ್ಲಿ ಉಫ್ಫೀತ್ಸಿ ಚಿತ್ರಶಾಲೆ ಮುಚ್ಚಿರುತ್ತದೆ, ಮೈಕೆಲೆಂಜೆಲೊ ಕೆತ್ತಿದ ದಾವಿದ್ ಮೂರ್ತಿ ಇರುವ ಅಕಾಡೆಮಿಯಾ ಕೂಡ. ಗೊತ್ತಿದ್ದೇ ಸೋಮವಾರ ಬಂದದ್ದು. ಬಟ್ಟೆ ಒಗೆಯುವ ಅಂಗಡಿಗೆ ಹೋದೆವು, ದೊಡ್ಡ ಚರ್ಚಿನ ಮೇಲೆ ಬ್ರುನೆಲ್ಲೆಸ್ಕಿ ಕಟ್ಟಿದ ಗುಮ್ಮಟವನ್ನು ಕೆಳಗಿನಿಂದ ನೋಡಿದೆವು, ಸಂಜೆ ಪೊಂತೆ ವೆಕ್ಕಿಯೊ ಅನ್ನುವ ಹಳೇ ಸೇತುವೆ ಮೇಲೆ ಚಿನ್ನದಂಗಡಿ ನೋಡಿದೆವು. ಹಡಗಿನಲ್ಲಿ ವಾರಗಟ್ಟಲೆ ಗೈಡ್ ಹಿಂದೆ ಬಾವುಟ ನೋಡಿಕೊಂಡು ನಡೆದವರಿಗೆ ಇಂಥ ಒಂದು ದಿನ ಬೇಕೇ ಬೇಕು.

ಮಂಗಳವಾರ, ಬೊಲೊನ್ಯಾ ಮೇಲೆ ಮಿಲಾನ್

ಬೆಳಿಗ್ಗೆ ದಾವಿದ್ ನೋಡಿದೆವು. ಐದು ಮೀಟರಿಗೂ ಎತ್ತರ. ಅತ್ತೆ ಸುತ್ತ ಒಂದು ಬಾರಿ ಬಂದು, ಕಾಲಿನ ನರ ನೋಡಿ, "ಕಲ್ಲು ಅಂತ ಅನ್ಸೋದೇ ಇಲ್ಲ" ಅಂದರು.

ಎಲ್ಲರೂ ಫ್ಲಾರೆನ್ಸ್ ಆದ ಮೇಲೆ ವೆನಿಸ್ ಅನ್ನುತ್ತಾರೆ. ನಾವು ಬಿಟ್ಟೆವು. ವೆನಿಸ್‌ನಲ್ಲಿ ನೂರಾರು ಸೇತುವೆ, ಹೆಚ್ಚುಕಡಿಮೆ ಪ್ರತಿ ಸೇತುವೆಗೂ ಮೆಟ್ಟಿಲು. ಸೂಟ್‌ಕೇಸ್ ಮತ್ತು ಮಂಡಿ ಎರಡೂ ಇದ್ದವರಿಗೆ ಅದು ಪ್ರವಾಸ ಅಲ್ಲ, ಶಿಕ್ಷೆ. ಆ ಎರಡು ದಿನವನ್ನು ಬೆಟ್ಟದ ರೈಲಿಗೆ ಕೊಟ್ಟೆವು.

ಫ್ಲಾರೆನ್ಸ್‌ನಿಂದ ಬೊಲೊನ್ಯಾಕ್ಕೆ ಮುಕ್ಕಾಲು ಗಂಟೆಯೂ ಬೇಡ. ಅಪೆನೈನ್ ಬೆಟ್ಟಗಳ ಒಳಗೇ ಸುರಂಗ, ಹೆಚ್ಚುಕಡಿಮೆ ಇಡೀ ದಾರಿ ಕತ್ತಲೆ. ವೇಗದ ರೈಲು ಬೊಲೊನ್ಯಾದಲ್ಲಿ ನೆಲದಡಿಯಲ್ಲಿ ನಿಲ್ಲುತ್ತದೆ. ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಿ ಬೆಳಕಿಗೆ ಬರಬೇಕು. ಮಿಲಾನ್‌ಗೆ ಸಂಜೆಯ ರೈಲು ಕಟ್ಟಿಸಿ, ನಡುವೆ ಕೆಲವು ಗಂಟೆ ಇಲ್ಲಿ ಇಟ್ಟುಕೊಂಡಿದ್ದೆವು.

ಸ್ಟೇಷನ್ನಿನ ಹೊರಗೋಡೆಯ ಗಡಿಯಾರ 10 ಗಂಟೆ 25 ನಿಮಿಷಕ್ಕೆ ನಿಂತಿದೆ. 1980ರ ಆಗಸ್ಟ್ 2ರಂದು ಅಷ್ಟು ಹೊತ್ತಿಗೆ ಇಲ್ಲಿನ ವೇಟಿಂಗ್ ರೂಮಿನಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ರಜೆಗೆ ಹೊರಟ ಜನ. ಆ ವೇಟಿಂಗ್ ರೂಮು ಇವತ್ತೂ ವೇಟಿಂಗ್ ರೂಮೇ. ಗೋಡೆಯಲ್ಲಿ ಒಂದು ಉದ್ದ ಬಿರುಕನ್ನು ಹಾಗೇ ಬಿಟ್ಟು ಗಾಜು ಹಾಕಿದ್ದಾರೆ. ಪಕ್ಕದ ಕಲ್ಲಿನಲ್ಲಿ ಹೆಸರುಗಳು, ಎದುರಿಗೆ ವಯಸ್ಸು. ಅತಿ ಚಿಕ್ಕದು ಮೂರು ವರ್ಷದ ಮಗು. ಆ ಕಲ್ಲಿನ ಕೆಳಗೇ ಒಬ್ಬ ಹುಡುಗ ಬೆನ್ನಿನ ಚೀಲ ಒರಗಿಸಿ ಸ್ಯಾಂಡ್‌ವಿಚ್ ತಿನ್ನುತ್ತಾ ಕೂತಿದ್ದ. ಅತ್ತೆಗೆ ಇಂಗ್ಲಿಷ್ ಬಾರದು, ಇಟಾಲಿಯನ್ ಅಂತೂ ಇಲ್ಲ. ಆದರೂ ಅಂಕಿಗಳನ್ನು ಒಂದೊಂದಾಗಿ ಓದಿದರು. "ಇಷ್ಟು ಚಿಕ್ಕವರಾ?" ಅಂತ ಇವರನ್ನು ಕೇಳಿದರು. ಇವರು ತಲೆಯಾಡಿಸಿದರು.

ಊರೊಳಗೆ ಬಿಸಿಲಿದ್ದರೂ ನೆರಳಲ್ಲೇ ನಡೆಯಬಹುದು. ರಸ್ತೆಯುದ್ದಕ್ಕೂ ಕಂಬಸಾಲಿನ ಮೊಗಸಾಲೆ, ಊರಲ್ಲೆಲ್ಲ ಸೇರಿ 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಸಸ್ಯಾಹಾರಿಗಳು ಇಲ್ಲಿ ಹುಷಾರು. ಊರಿನ ಹೆಮ್ಮೆಯ ಟೊರ್ಟೆಲ್ಲೀನಿ ಅನ್ನುವ ಹೂರಣ ತುಂಬಿದ ಪಾಸ್ತಾ ಒಳಗೆ ಮಾಂಸ ಇರುತ್ತದೆ. ನಾವು ಟೊಮ್ಯಾಟೊ, ಚೀಸ್ ಇಟ್ಟ ಬ್ರೆಡ್ಡಿಗೆ ಚಟ್ನಿಪುಡಿ ಉದುರಿಸಿಕೊಂಡೆವು.

ರಾತ್ರಿ ಮಿಲಾನ್. 1931ರ ಆ ಸ್ಟೇಷನ್ ಅರಮನೆಯಷ್ಟು ದೊಡ್ಡದು. ನಮಗೆ ಬೇಕಾಗಿದ್ದು ಎದುರಿನ ಹೋಟೆಲಿನ ಹಾಸಿಗೆ ಮಾತ್ರ.

ಬುಧವಾರ, ತಿರಾನೋ

ಮಿಲಾನ್‌ನಿಂದ ಜ್ಯೂರಿಕ್‌ಗೆ ನೇರ ರೈಲಿದೆ. 2016ರಲ್ಲಿ ತೆರೆದ ಗೊಟ್ಹಾರ್ಡ್ ಸುರಂಗದಲ್ಲಿ, 57 ಕಿಲೋಮೀಟರ್ ಬೆಟ್ಟದಡಿಯಲ್ಲೇ ನುಗ್ಗಿ, ಮೂರೂವರೆ ಗಂಟೆಯೊಳಗೆ ತಲುಪಿಸುತ್ತದೆ. ಹೊತ್ತಿಲ್ಲದವರಿಗೆ ಅದು ಸರಿ. ನಾವು ಬೆಟ್ಟದ ಅಡಿಗೆ ಹೋಗಲು ಬಂದಿರಲಿಲ್ಲ, ಮೇಲೆ ಹತ್ತಲು ಬಂದಿದ್ದೆವು.

ಸ್ವಿಸ್ ಗಡಿಯ ಈಚೆಗಿರುವ ಇಟಲಿಯ ಊರು ತಿರಾನೋಗೆ ಹೋಗುವುದು ಪ್ರಾದೇಶಿಕ ರೈಲು. ಸೀಟ್ ನಂಬರ್ ಇಲ್ಲ, ಬೇಗ ಹೋಗಿ ಎಡಗಡೆ ಕೂರಬೇಕು. ಲೆಕ್ಕೊ ದಾಟಿದ ಮೇಲೆ ಕೋಮೊ ಸರೋವರ ಕಿಟಕಿಯ ಕೆಳಗೇ ಇರುತ್ತದೆ. ಸುರಂಗ, ನೀರು, ಸುರಂಗ, ಒಂದು ಚರ್ಚು, ಸುರಂಗ. ಸುಮಾರು ಎರಡೂವರೆ ಗಂಟೆಯಲ್ಲಿ ತಿರಾನೋ.

ಇಲ್ಲಿ ರಾತ್ರಿ ಉಳಿದದ್ದು ಲೆಕ್ಕಾಚಾರದ ಮೇಲೆ. ಈಚೆ ಉಳಿದರೆ ಯೂರೋ, ಗಡಿ ದಾಟಿದರೆ ಸ್ವಿಸ್ ಫ್ರಾಂಕ್. ಗಡಿಯಾಚೆಯ ಸೇಂಟ್ ಮೊರಿಟ್ಸ್ ಊರಿನ ಹೋಟೆಲ್ ದರ ನೋಡಿ ಇವರು ಮರುಮಾತಾಡದೆ ನೋಟ್‌ಬುಕ್ ಮುಚ್ಚಿದ್ದರು. ಊಟಕ್ಕೆ ಪಿತ್ಸೊಕ್ಕೆರಿ ತರಿಸಿದೆವು. ಬಕ್‌ವೀಟ್ ಹಿಟ್ಟಿನ ಕಂದು ಪಟ್ಟಿಗಳು, ಜೊತೆಗೆ ಆಲೂಗಡ್ಡೆ, ಕೋಸು, ಬೆಣ್ಣೆ, ಚೀಸ್. ಮಾಂಸ ಇಲ್ಲ. ಅತ್ತೆ ಈ ಇಡೀ ಪ್ರವಾಸದಲ್ಲಿ ಚಟ್ನಿಪುಡಿ ತೆಗೆಯದೆ ಉಂಡದ್ದು ಇದೊಂದೇ.

ಊಟ ಮಾಡುವಾಗಲೇ ಕೆಂಪು ರೈಲು ರಸ್ತೆ ನಡುವೆ, ಕಾರುಗಳ ಪಕ್ಕದಲ್ಲಿ, ಗಂಟೆ ಬಾರಿಸಿಕೊಂಡು ಹೋಯಿತು.

ಗುರುವಾರ, ಬೆರ್ನಿನಾ

ಇಟಲಿಯ ಸ್ಟೇಷನ್ ಎದುರಿಗೇ ಸ್ವಿಸ್ ರೇಷಿಯನ್ ರೈಲ್ವೆಯ ಪುಟ್ಟ ಸ್ಟೇಷನ್. ಇಲ್ಲಿಂದ ಆಲ್ಪ್ಸ್ ಬೆಟ್ಟಗಳ ಬೆರ್ನಿನಾ ಘಟ್ಟ ಹತ್ತುವ ಪ್ರವಾಸಿ ರೈಲು ಬೆರ್ನಿನಾ ಎಕ್ಸ್‌ಪ್ರೆಸ್ ಹೋಗುತ್ತದೆ. ಚಾವಣಿವರೆಗೂ ಗಾಜು, ಸೀಟಿಗೆ ಬೇರೆ ಶುಲ್ಕ. ಅದೇ ಹಳಿ, ಅದೇ ನೋಟ, ಶುಲ್ಕವಿಲ್ಲದೆ ಸಾದಾ ರೈಲೂ ಹೋಗುತ್ತದೆ. ನಾನು ಸಾದಾ ರೈಲಿನ ಪಕ್ಷ. ಅದರ ಹಿಂದೆ ಜೋಡಿಸಿರುವ ಹಳೇ ಬೋಗಿಗಳ ಕಿಟಕಿ ಕೆಳಗಿಳಿಯುತ್ತದೆ. ಗಾಜಿನ ಪ್ರತಿಬಿಂಬ ಇಲ್ಲದೆ ಫೋಟೋ ತೆಗೆಯಬಹುದು, ಗಾಳಿ ಮುಖಕ್ಕೆ ಬಡಿಯುತ್ತದೆ.

ಟಿಕೆಟ್ಟಿಗೆ ಸ್ವಿಸ್ ಸೇವರ್ ಡೇ ಪಾಸ್ ಕೊಂಡಿದ್ದೆವು. ಆರು ತಿಂಗಳ ಮುಂಚೆಯೇ ಸಿಗುತ್ತದೆ, ತಡಮಾಡಿದಷ್ಟೂ ದರ ಏರುತ್ತದೆ. ತಿರಾನೋದಿಂದಲೇ ನಡೆಯುತ್ತದೆ. ಯಾವ ರೈಲು ಅಂತ ಹೇಳಬೇಕಿಲ್ಲ. ಬೇಕಾದ ಕಡೆ ಇಳಿದು ಮುಂದಿನದ್ದು ಹತ್ತಬಹುದು. ಕಟ್ಟಿದ ಹಾಗೂ ಆಯಿತು, ಬಿಟ್ಟ ಹಾಗೂ ಆಯಿತು. ಇಬ್ಬರಿಗೂ ಸಮಾಧಾನ. ಗಡಿ ದಾಟಿದ ಕೂಡಲೇ ಫೋನ್ ಮಾತ್ರ ಸತ್ತಂತಾಯಿತು. ಯುರೋಪ್ ಸಿಮ್ ಅಂತ ಮಾರುವ ಎಷ್ಟೋ ಪ್ಯಾಕುಗಳಲ್ಲಿ ಸ್ವಿಟ್ಜರ್ಲೆಂಡ್ ಇರುವುದಿಲ್ಲ. ಇವರ ನೋಟ್‌ಬುಕ್ಕಿನಲ್ಲಿ ಸಮಯ ಬರೆದಿಟ್ಟಿದ್ದು ಆಗ ಕೆಲಸಕ್ಕೆ ಬಂತು.

ಬ್ರೂಸಿಯೊದಲ್ಲಿ ಕಲ್ಲಿನ ಕಮಾನು ಸೇತುವೆಯ ಮೇಲೆ ರೈಲು ಪೂರ್ತಿ ಒಂದು ಸುತ್ತು ಸುತ್ತಿ ತನ್ನದೇ ಹಳಿಯ ಮೇಲ್ಗಡೆ ಬರುತ್ತದೆ. ಕಿಟಕಿಯಿಂದ ನೋಡಿದರೆ ನಮ್ಮದೇ ರೈಲಿನ ಎಂಜಿನ್ ಎದುರಿಗೆ. ಇವರು ಸಕಲೇಶಪುರದ ಕಡೆಯವರು, ಘಟ್ಟದ ರೈಲಿನ ಹೆಮ್ಮೆ ಜಾಸ್ತಿ. "ನಮ್ಮದರಲ್ಲಿ 57 ಸುರಂಗ, ಇದರಲ್ಲಿ 55" ಅಂತ ಶುರು ಮಾಡಿದರು. ಸುರಂಗದ ಲೆಕ್ಕದಲ್ಲಿ ಗೆದ್ದರು, ಸರಿ. ಸೇತುವೆ ಲೆಕ್ಕ ಕೇಳಿದೆ. ಆಚೆಯ ಸ್ವಿಸ್ ಊರು ಕೂರ್‌ವರೆಗಿನ ಈ ದಾರಿಯಲ್ಲಿ 196 ಇವೆ. ಏರು ಅಂತೂ ಕೇಳುವುದೇ ಬೇಡ. ಸಕಲೇಶಪುರ ಘಟ್ಟದಲ್ಲಿ 50 ಮೀಟರಿಗೆ ಒಂದು ಮೀಟರ್ ಏರಿದರೆ, ಇಲ್ಲಿ 14 ಮೀಟರಿಗೇ ಒಂದು. ಅದೂ ರೈಲು ಜಾರದಂತೆ ಹಿಡಿಯುವ ಹಲ್ಲಿನ ಹಳಿ ಇಲ್ಲದೆ. ಒಂದು ನಂಟು ಮಾತ್ರ ನಿಜ. ಇದು ಮೀಟರ್ ಗೇಜ್. ನಮ್ಮ ಹಾಸನ–ಮಂಗಳೂರು ಹಳಿಯೂ 1979ರಲ್ಲಿ ಶುರುವಾದಾಗ ಮೀಟರ್ ಗೇಜೇ.

ತಿರಾನೋ ಇರುವುದು 429 ಮೀಟರ್ ಎತ್ತರದಲ್ಲಿ. ಈ ದಾರಿಯ ಅತಿ ಎತ್ತರದ ಸ್ಟೇಷನ್ ಓಸ್ಪಿತ್ಸಿಯೊ ಬೆರ್ನಿನಾ 2253 ಮೀಟರ್. ದ್ರಾಕ್ಷಿ ತೋಟ ಬಿಟ್ಟು ಹೊರಟವರು ಎರಡು ಗಂಟೆಯೊಳಗೆ ಮರವೇ ಇಲ್ಲದ ಕಲ್ಲು ನೆಲಕ್ಕೆ ಬರುತ್ತೇವೆ. ನಡುವೆ ಆಲ್ಪ್ ಗ್ರ್ಯೂಮ್‌ನಲ್ಲಿ ಇಳಿದೆವು. ಸೆಪ್ಟೆಂಬರ್ ಆದರೂ ಕೈ ಮರಗಟ್ಟುವ ಚಳಿ. ಎದುರಿಗೆ ಹಿಮನದಿ ಬಂಡೆಗೆ ಅಂಟಿಕೊಂಡಿತ್ತು, ಅದರ ಕೆಳಗೆ ದಾರದಂಥ ನೀರು. ಅತ್ತೆ ಶಾಲು ತಲೆಗೆ ಸುತ್ತಿಕೊಂಡು ಬೆಂಚಿನ ಮೇಲೆ ಕೂತರು, ಮುಂದಿನ ರೈಲು ಬರುವವರೆಗೂ ಏಳಲಿಲ್ಲ.

ಮೇಲಿನ ಲಾಗೊ ಬಿಯಾಂಕೊ ಕೆರೆಯ ನೀರು ಹಾಲು ಬೆರೆಸಿದ ಬಣ್ಣ, ಹಿಮನದಿ ಅರೆದ ಕಲ್ಲಿನ ಪುಡಿಯಿಂದ. ಇದರ ನೀರು ದಕ್ಷಿಣಕ್ಕೆ ಹರಿದು ಪೊ ನದಿ ಸೇರುತ್ತದೆ. ಅದರ ಪಕ್ಕದ ಕಪ್ಪು ಕೆರೆಯ ನೀರು ಇನ್, ಡ್ಯಾನ್ಯೂಬ್ ಮೂಲಕ ಕಪ್ಪು ಸಮುದ್ರಕ್ಕೆ. ನಡುವೆ ಇರುವುದು ಒಂದು ದಿಬ್ಬ.

ಸೇಂಟ್ ಮೊರಿಟ್ಸ್‌ನಲ್ಲಿ ರೈಲು ಬದಲಾಯಿಸಿದೆವು. ಫಿಲಿಸುರ್ ದಾಟಿದ ಮೇಲೆ ಲಾಂಡ್‌ವಾಸರ್ ಸೇತುವೆ. 65 ಮೀಟರ್ ಎತ್ತರದ ಕಂಬಗಳು, ಸೇತುವೆಯ ಒಂದು ತುದಿ ನೇರ ಬಂಡೆಯ ಸುರಂಗಕ್ಕೇ ಚುಚ್ಚಿಕೊಂಡಿದೆ. ಬೋಗಿಯಲ್ಲಿದ್ದವರೆಲ್ಲ ಒಂದೇ ಕಡೆ ಬಾಗಿದರು, ಅರ್ಧ ನಿಮಿಷದಲ್ಲಿ ಮುಗಿದೇ ಹೋಯಿತು. ಕೂರ್‌ನಲ್ಲಿ ದೊಡ್ಡ ಹಳಿಯ ರೈಲು, ಅಲ್ಲಿಂದ ಜ್ಯೂರಿಕ್‌ಗೆ ಒಂದೂಕಾಲು ಗಂಟೆ. ಅತ್ತೆ ವಾಲೆನ್ ಸರೋವರದ ದಡದಲ್ಲಿ ನಿದ್ದೆ ಹೋದರು.

ವಿಮಾನ ಮರುದಿನ ಬೆಳಿಗ್ಗೆ. ಹೋಟೆಲ್ ವಿಮಾನ ನಿಲ್ದಾಣದ ಹತ್ತಿರವೇ ಹಿಡಿದಿದ್ದೆವು. ರೈಲು ಟರ್ಮಿನಲ್ ಕೆಳಗೇ ನಿಲ್ಲುತ್ತದೆ, ಅದೇ ಪಾಸ್ ಸಾಕು. ರೂಮಿಗೆ ಬಂದು ಕಾಲು ಚಾಚಿದ ಮೇಲೆ ಇವರು ಮಾತಿಗೆ ಅಂತ ಒಂದು ವಿಷಯ ಹೇಳಿದರು. ಈ ಪಾಸ್ ನಾಳೆ ಬೆಳಿಗ್ಗೆ ಐದು ಗಂಟೆವರೆಗೂ ನಡೆಯುತ್ತದೆ, ಟ್ರಾಮಿಗೂ ಆಗುತ್ತದೆ ಅಂತ. ಹೇಳಬಾರದಿತ್ತು. ಅತ್ತೆ ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. "ದುಡ್ಡು ಕೊಟ್ಟಾಗಿದೆಯಲ್ಲೋ, ಏಳು. ಊರೊಳಗೆ ಒಂದು ಸುತ್ತು ಹಾಕ್ಕೊಂಡು ಬರೋಣ" ಅಂದರು. ಹತ್ತನೇ ನಂಬರಿನ ಟ್ರಾಮ್ ಹತ್ತಿಸಿಕೊಂಡು ತಾಯಿ ಮಗ ಹೋದರು. ನಾನು ಬಾಗಿಲು ಹಾಕಿಕೊಂಡು ಮಲಗಿದೆ.